ಹುಣಸೆಹಣ್ಣು ತಿಂದ ಚಾಸಿ ನಂಬರು

ಶಿಕಾರಿಪುರದ ಲಾರಿ ಸ್ಟ್ಯಾಂಡಿನಲ್ಲಿ ಪರಮಶಿವಪ್ಪನಿಗೆ ‘ಫಾರಿನ್ ಪರಮಶಿವಪ್ಪ’ ಎಂಬ ಹೆಸರು ಬಿದ್ದದ್ದು ಅವನು ಫಾರಿನ್ನಿಗೆ ಹೋಗಿ ಬಂದ ಮೇಲಲ್ಲ, ಹೋಗುವುದಕ್ಕೆ ಒಂದು ತಿಂಗಳು ಮುಂಚೆ. ತಪ್ಪು ಪೂರಾ ಅವನದೇ. ಕಾಗದ ಕೈಗೆ ಬರುವ ಮೊದಲು ಬಾಯಿ ಬಿಡಬಾರದೆಂದು ಇಪ್ಪತ್ತಾರು ವರ್ಷ ಸ್ಟಿಯರಿಂಗ್ ಹಿಡಿದವನಿಗೆ ಗೊತ್ತಿರಬೇಕಿತ್ತು. ಆದರೆ ೧೯೯೫ರ ಸಂಕ್ರಾಂತಿಯ ಮಾರನೆಯ ದಿನ ಅಡಿಕೆ ಮಂಡಿಯ ರೇಣುಕಾಪ್ರಸಾದ್ ಅವನನ್ನು ಕರೆಸಿ, ಕಠ್ಮಂಡುವಿನ ಒಬ್ಬ ವ್ಯಾಪಾರಿಗೆ ಒಂದು ಲೋಡು ಅಡಿಕೆ ಹೋಗಬೇಕು, ಶಿವರಾತ್ರಿಗೆ ಒಂದು ವಾರ ಇರುವಾಗಲೇ ಅಲ್ಲಿ ಇಳಿಯಬೇಕು, ನಿನ್ನಿಂದ ಆಗುತ್ತದೆಯೇ ಎಂದು ಕೇಳಿದ. ಪರಮಶಿವಪ್ಪ ಮಂಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ನಾಲ್ಕು ಜನಕ್ಕೆ ಹೇಳಿ ಆಗಿತ್ತು. ಸಂಜೆಯೊಳಗೆ ಟೀ ಅಂಗಡಿ, ಪಂಕ್ಚರ್ ಅಂಗಡಿ, ಬಸ್ ಸ್ಟ್ಯಾಂಡಿನ ಬಾಳೆಹಣ್ಣಿನ ಗಾಡಿ, ಎಲ್ಲ ಕಡೆಯೂ ಅದೇ ಸುದ್ದಿ. ಗುತ್ಯಪ್ಪನೆಂಬ ಇನ್ನೊಬ್ಬ ಲಾರಿ ಮಾಲೀಕ, ಬರುವಾಗ ತನಗೊಂದು ಗಡಿಯಾರ ತರಬೇಕೆಂದು ಎಲ್ಲರೆದುರೂ ಮಣಿಕಟ್ಟು ಚಾಚಿ ಅಳತೆ ಕೊಟ್ಟುಹೋದ.

ರೇಣುಕಾಪ್ರಸಾದನ ಷರತ್ತು ಒಂದೇ. ಫೆಬ್ರವರಿ ಹತ್ತರೊಳಗೆ ಕಾಗದಪತ್ರ ಸಮೇತ ಲಾರಿ ಮಂಡಿಯ ಮುಂದೆ ನಿಂತಿರಬೇಕು. ನಿಲ್ಲದಿದ್ದರೆ ಲೋಡು ದಾವಣಗೆರೆಯ ಒಂದು ದೊಡ್ಡ ಟ್ರಾನ್ಸ್‌ಪೋರ್ಟಿಗೆ. ಅವನು ಸ್ನೇಹಿತನೇ, ಆದರೆ ವ್ಯಾಪಾರದಲ್ಲಿ ದಾಕ್ಷಿಣ್ಯ ಇಟ್ಟುಕೊಂಡ ಪೈಕಿ ಅಲ್ಲ.

ಪರಮಶಿವಪ್ಪನಿಗೆ ಇದು ಬರೀ ಒಂದು ಬಾಡಿಗೆಯಾಗಿರಲಿಲ್ಲ. ಅವನು ದೆಹಲಿ ನೋಡಿದ್ದ, ಕಲ್ಕತ್ತೆ ನೋಡಿದ್ದ, ಗುವಾಹಟಿಯ ಚಳಿಗೆ ಗೋಣಿಚೀಲ ಹೊದ್ದು ಮಲಗಿದ್ದ. ಬೇರೆಯವರ ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಒಮ್ಮೆ ಬಿಹಾರದ ರಕ್ಸೌಲ್‌ನವರೆಗೂ ಹೋಗಿದ್ದ. ಅಲ್ಲಿ ಸರಕು ಇಳಿಸಿ ಗಡಿಯ ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುತ್ತ ಕೂತಾಗ, ಪಂಜಾಬಿನ ಲಾರಿಗಳು ಒಂದರ ಹಿಂದೊಂದು ನೇಪಾಳದೊಳಕ್ಕೆ ಹೋಗುವುದನ್ನು ನೋಡಿದ. ಆಚೆಗೆ ಲಾರಿಯಲ್ಲಿ ಎರಡು ದಿನ ಹೋದರೆ ಕಠ್ಮಂಡುವಿನ ಪಶುಪತಿನಾಥ. ತನ್ನ ಹೆಸರಿನ ದೇವರು ಅಲ್ಲಿ ಕೂತಿದ್ದಾನೆ, ತಾನು ಇಲ್ಲಿ ಟೀ ಕುಡಿಯುತ್ತಿದ್ದೇನೆ ಎಂದು ಅವನಿಗೆ ಬಹಳ ಸಂಕಟವಾಯಿತು. ಆವತ್ತಿನಿಂದ ಒಂದು ಆಸೆ ಒಳಗೇ ಉಳಿಯಿತು. ಸ್ವಂತ ಲಾರಿಯಲ್ಲಿ, ಸ್ವಂತ ಪರ್ಮಿಟ್ಟಿನಲ್ಲಿ ಆ ಗಡಿ ದಾಟಬೇಕು. ಈಗ ನಲವತ್ತೆಂಟಾಗಿತ್ತು. ಇನ್ನೊಂದು ಸಲ ಯಾರೂ ಕರೆದು ಕೇಳುವುದಿಲ್ಲ ಎಂಬುದೂ ಅವನಿಗೆ ತಿಳಿದಿತ್ತು.

ನೇಪಾಳಕ್ಕೆ ಲಾರಿ ಒಯ್ಯುವುದೆಂದರೆ ಹರಿಹರಕ್ಕೆ ಒಯ್ದಂತಲ್ಲ. ಇಷ್ಟು ದಿನ ಇರಬಹುದು ಎಂದು ಗಡಿಯಲ್ಲಿ ಆ ಕಡೆಯವರು ಪರವಾನಗಿ ಕೊಡುತ್ತಾರೆ. ಅವರು ಕೊಡಬೇಕಾದರೆ ನಮ್ಮ ಕಡೆಯ ಸಾರಿಗೆ ಕಚೇರಿಯಿಂದ ಒಂದು ಪತ್ರ ಒಯ್ಯಬೇಕು: ಲಾರಿ ಇವನದೇ, ನಂಬರು ಇದೇ, ಒಳಗೆ ಹೋಗುವವರು ಇಂಥಿಂಥವರೇ ಎಂದು. ನಂಬರೆಂದರೆ ಹಲಗೆಯ ಮೇಲೆ ಬಣ್ಣದಲ್ಲಿ ಬರೆದದ್ದಲ್ಲ. ಕಾರ್ಖಾನೆಯಲ್ಲೇ ಲಾರಿಯ ಉಕ್ಕಿನ ಚೌಕಟ್ಟಿನ ಮೇಲೆ ಕೊರೆದು ಕಳಿಸುವ ಚಾಸಿ ನಂಬರು. ಅದರ ಮೇಲೆ ತೆಳು ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಹಾಳೆಯ ಮೇಲೆ ಮೂಡುತ್ತವೆ. ಆ ಹಾಳೆಯನ್ನು ಅರ್ಜಿಗೆ ಅಂಟಿಸಬೇಕು.

ಇಲ್ಲೇ ಇತ್ತು ನೋಡಿ ಗಂಟು. ಅದು ತಿಳಿಯಬೇಕಾದರೆ ಪರಮಶಿವಪ್ಪನ ಹೆಂಡತಿ ನೀಲಾಂಬಿಕೆಯ ಪರಿಚಯವಾಗಬೇಕು.

ಎಂಟು ವರ್ಷದ ಹಿಂದೆ ಹೊಸ ಲಾರಿ ಮನೆಯ ಮುಂದೆ ಬಂದು ನಿಂತಾಗ ನೀಲಾಂಬಿಕೆ ಆರತಿ ಎತ್ತಿ, ಸುತ್ತ ಬಂದು, ಇದಕ್ಕೆ ಹೆಸರೆಲ್ಲಿದೆ ಎಂದು ಕೇಳಿದ್ದಳು. ಪರಮಶಿವಪ್ಪ ಜಂಬದಿಂದ ಅವಳನ್ನು ಬಲಗಡೆಯ ಮುಂದಿನ ಚಕ್ರದ ಬಳಿ ಕರೆದೊಯ್ದು ತೋರಿಸಿದ್ದ. ಬಣ್ಣ ಬದಲಾಗಬಹುದು, ಹಲಗೆ ಬದಲಾಗಬಹುದು, ಮಾಲೀಕನೂ ಬದಲಾಗಬಹುದು. ಇದೊಂದು ಮಾತ್ರ ಲಾರಿ ಇರುವ ತನಕ ಬದಲಾಗುವುದಿಲ್ಲ, ಇದೇ ಇದರ ಜಾತಕ ಎಂದಿದ್ದ. ನೀಲಾಂಬಿಕೆ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ದೇಶದಲ್ಲಿ ಲಕ್ಷ ಲಾರಿ ಓಡುತ್ತವೆ, ಎಲ್ಲಕ್ಕೂ ಮುಂದೆ ಓಂ ಎಂದೇ ಬರೆದಿರುತ್ತದೆ. ಘಾಟಿಯ ತಿರುವಿನಲ್ಲಿ ದೇವರು ತನ್ನ ಗಂಡನ ಲಾರಿಯನ್ನು ಗುರುತು ಹಿಡಿದು ಕಾಯಬೇಕಾದರೆ ಈ ನಂಬರಿನಿಂದಲೇ ತಾನೇ? ಹಾಗಾಗಿ ನಮ್ಮ ಕಡೆ ಲಾರಿಗೆ ಅಮಾವಾಸ್ಯೆಗೊಮ್ಮೆ ಮಾಡುವ ಪೂಜೆಯನ್ನು ಎಲ್ಲರೂ ರೇಡಿಯೇಟರಿನ ಮುಂದೆ ಮಾಡಿದರೆ, ಅವಳು ಚಾಸಿ ನಂಬರಿಗೆ ಮಾಡಿದಳು. ಪೂಜೆಗೆ ಮೊದಲು ಶುದ್ಧಿಯಾಗಬೇಕಲ್ಲ. ಮನೆಯ ಹಿತ್ತಾಳೆ ದೀಪ, ಗಂಟೆ, ತಂಬಿಗೆಗಳನ್ನು ಉಜ್ಜುವ ಹಾಗೆಯೇ ನೆನೆಸಿದ ಹುಣಸೆಹಣ್ಣಿಗೆ ಇಟ್ಟಿಗೆ ಪುಡಿ ಹಚ್ಚಿ, ಆ ಒಂದು ಗೇಣು ಜಾಗವನ್ನು ಫಳಫಳ ಹೊಳೆಯುವಂತೆ ಉಜ್ಜುವಳು. ಆಮೇಲೆ ವಿಭೂತಿ, ಆಮೇಲೆ ಕಾಯಿ ಒಡೆದು ಅದರ ನೀರಿನ ಅಭಿಷೇಕ.

ಲೋಡು ಎಲ್ಲೇ ಇರಲಿ, ಅಮಾವಾಸ್ಯೆಗೆ ಲಾರಿ ಮನೆಯ ಮುಂದೆ ಇರಬೇಕು ಎಂಬುದು ಅವಳ ಕಟ್ಟಪ್ಪಣೆ. ಪರಮಶಿವಪ್ಪ ಹೊರಗೆ ಗೊಣಗುತ್ತಿದ್ದ, ಆದರೆ ಬಂದು ನಿಲ್ಲಿಸುತ್ತಿದ್ದ. ಪೂಜೆಯ ಹೊತ್ತಿಗೆ ಅವನು ಜಗುಲಿಯ ಮೇಲೆ ಪೇಪರು ಹಿಡಿದು ಕೂತಿರುತ್ತಿದ್ದ. ಅವಳು ಬಗ್ಗಿಕೊಂಡು ಏನು ಮಾಡುತ್ತಾಳೆಂದು ಒಂದು ದಿನವೂ ಹತ್ತಿರ ಹೋಗಿ ನೋಡಿದವನಲ್ಲ. ಹೀಗೆ ಎಂಟು ವರ್ಷದಲ್ಲಿ ತೊಂಬತ್ತಕ್ಕೂ ಹೆಚ್ಚು ಅಮಾವಾಸ್ಯೆಗಳು ಆದವು.

ವರ್ಷಕ್ಕೊಮ್ಮೆ ಲಾರಿಯ ತಪಾಸಣೆಗೆ ಚಾಸಿ ಗುರುತು ಕೊಡಬೇಕು, ಆಗಲೂ ಯಾಕೆ ಗೊತ್ತಾಗಲಿಲ್ಲ ಎಂದು ನೀವು ಕೇಳಬಹುದು. ಕೇಳಬೇಕಾದದ್ದು ಸೊರಬದ ಸಣ್ಣಪ್ಪನನ್ನು. ಜಿಲ್ಲಾ ಸಾರಿಗೆ ಕಚೇರಿಯ ಎದುರು ಟೈಪ್‌ರೈಟರ್ ಇಟ್ಟುಕೊಂಡು ಲಾರಿಯವರ ಅರ್ಜಿ ತುಂಬುವ ಸಣ್ಣಪ್ಪ ಬಲು ಹಸನ್ಮುಖಿ, ಅಷ್ಟೇ ಸೋಮಾರಿ. ಹೊಟ್ಟೆ ದಪ್ಪ, ಬಗ್ಗಲು ಬೇಜಾರು. ಲಾರಿ ಹೊಸದಾಗಿದ್ದಾಗ ಒಂದೇ ಸಲ ಬಗ್ಗಿ ಇಪ್ಪತ್ತು ಹಾಳೆಗಳ ಮೇಲೆ ಗುರುತು ತೆಗೆದು ಲಕೋಟೆಯಲ್ಲಿ ಹಾಕಿಟ್ಟಿದ್ದ. ವರ್ಷಕ್ಕೊಂದು ತೆಗೆದು ಅಂಟಿಸುತ್ತಿದ್ದ. ತನ್ನ ಕೈಗೆ ಬಂದ ಲಾರಿಗಳಿಗೆಲ್ಲ ಅವನು ಹೀಗೇ ಮಾಡುತ್ತಿದ್ದ, ಇದನ್ನು ಮುಂದಾಲೋಚನೆ ಎಂದು ಕರೆಯುತ್ತಿದ್ದ.

ಆದರೆ ನೇಪಾಳದ ಪತ್ರಕ್ಕೆ ಸಣ್ಣಪ್ಪನ ಲಕೋಟೆ ನಡೆಯಲಿಲ್ಲ. ಸಾರಿಗೆ ಕಚೇರಿಯ ಇನ್‌ಸ್ಪೆಕ್ಟರ್ ಈಶ್ವರ್ ತಾನೇ ಲಾರಿಯ ಕೆಳಗೆ ಬಗ್ಗಿದ. ಮೂವತ್ತೆರಡರ ವಯಸ್ಸು, ಇಸ್ತ್ರಿ ಮಾಡಿದ ಷರಟು, ಯಾರ ಮೇಲೂ ದನಿ ಎತ್ತದ ಮನುಷ್ಯ. ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದ. ಇನ್ನೊಂದು ಹಾಳೆ ಇಟ್ಟು ಮತ್ತೆ ಉಜ್ಜಿದ. ಎದ್ದು ಬಂದು ಹಾಳೆಯನ್ನು ಪರಮಶಿವಪ್ಪನ ಮುಖದ ಮುಂದೆ ಹಿಡಿದ. ಮೊದಲ ಮೂರು ಅಂಕಿ ಇದ್ದವು, ಕೊನೆಯ ಒಂದು ಇತ್ತು. ನಡುವೆ ಪೆನ್ಸಿಲ್ಲಿನ ಕಪ್ಪು ಮಾತ್ರ.

"ಇಲ್ಲಿ ಐದು ಅಂಕಿ ಎಲ್ಲಿ ಹೋದವು?" ಎಂದು ಈಶ್ವರ್ ಕೇಳಿದ.

ಪರಮಶಿವಪ್ಪ ಚಕ್ರದ ಬಳಿ ಕೂತ. ಬಗ್ಗಿ ನೋಡಿದ. ಎಂಟು ವರ್ಷದಲ್ಲಿ ಮೊದಲ ಸಲ ಹತ್ತಿರದಿಂದ ನೋಡಿದ. ಆ ಜಾಗ ದೇವರ ಮನೆಯ ತಟ್ಟೆಯಂತೆ ನುಣ್ಣಗೆ ಹೊಳೆಯುತ್ತಿತ್ತು. ಮೂಲೆಯಲ್ಲಿ ಚೂರು ವಿಭೂತಿ, ಎರಡು ಹುಣಸೆ ನಾರು. ಏನಾಗಿದೆ ಎಂದು ಅವನಿಗೆ ಆ ಕ್ಷಣವೇ ಹೊಳೆದುಹೋಯಿತು.

ಈಶ್ವರ್ ಒಳಗಿನಿಂದ ಲಾರಿಯ ಹಳೆಯ ಫೈಲು ತರಿಸಿ, ವರ್ಷವರ್ಷದ ಗುರುತುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಎಲ್ಲದರಲ್ಲೂ ಅಂಕಿ ಸ್ವಚ್ಛ, ಎಲ್ಲದರಲ್ಲೂ ಎಡಗಡೆ ಅದೇ ಹೆಬ್ಬೆರಳಿನ ಮಸಿ. ಅವನು ಸಣ್ಣಪ್ಪನ ಕಡೆ ನೋಡಿದ. ಸಣ್ಣಪ್ಪ ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದ. ಅವನಿಗೆ ಅಲ್ಲಿಂದಾಚೆ ಆರು ತಿಂಗಳು ಕಚೇರಿಯ ಕಾಂಪೌಂಡಿನೊಳಗೆ ಕಾಲಿಡಬಾರದೆಂದು ಹೇಳಿ ಕಳಿಸಿದರು, ಅದು ಬೇರೆ ಮಾತು.

ಪರಮಶಿವಪ್ಪನ ಸಮಸ್ಯೆ ದೊಡ್ಡದಾಯಿತು. ಚಾಸಿ ನಂಬರು ಅಳಿಸುವವರು ಯಾರು? ಕದ್ದ ಲಾರಿ ಇಟ್ಟುಕೊಂಡವರು. ಈಶ್ವರ್ ಹಾಗೆಂದು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಹೇಳಿದಷ್ಟೇ ಆಯಿತು. ಎಂಜಿನ್ ನಂಬರು ಸರಿಯಿತ್ತು, ಕೊಂಡ ಕಾಗದ ಸರಿಯಿತ್ತು, ಉಳಿದ ನಾಲ್ಕು ಅಂಕಿಗಳೂ ತಾಳೆಯಾದವು. ನಂಬರನ್ನು ಮತ್ತೆ ಕೊರೆಸಲು ಕಾನೂನಿನಲ್ಲಿ ದಾರಿ ಇದೆ, ಆದರೆ ಅದಕ್ಕೊಂದು ಅರ್ಜಿ, ಅರ್ಜಿಯಲ್ಲಿ ಒಂದು ಕಾಲಂ: ಅಂಕಿ ಅಳಿಸಿದ ಕಾರಣ. ಆ ಕಾರಣ ತನಗೆ ನಂಬಿಕೆಯಾದರೆ ಮಾತ್ರ ಸಹಿ ಮಾಡುವೆ ಎಂದ ಈಶ್ವರ್. ಆ ದಿನ ಜನವರಿ ಮೂವತ್ತೊಂದು.

ಪರಮಶಿವಪ್ಪ ಒಂದು ನಿಮಿಷ ಯೋಚಿಸಿದ. ನೀಲಾಂಬಿಕೆಯ ಹೆಸರು ಹೇಳಲು ಮನಸ್ಸು ಬರಲಿಲ್ಲ. ತನ್ನ ಕ್ಷೇಮಕ್ಕೆಂದು ಬೆನ್ನು ಬಗ್ಗಿಸಿದವಳು, ತನ್ನ ಕೈಯಿಂದಲೇ ಗಂಡನ ಆಸೆಗೆ ಕಲ್ಲು ಬಿತ್ತು ಎಂದು ತಿಳಿದರೆ ಕುಸಿದು ಹೋಗುತ್ತಾಳೆ. ಪೂಜೆ ಮಾಡಿದ್ದು ತಾನೇ, ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಉಜ್ಜಿದ್ದೂ ತಾನೇ ಎಂದು ಹೇಳಿಕೆ ಬರೆಸಿದ, ಹೆಬ್ಬೆಟ್ಟು ಬೇಕಾದರೂ ಒತ್ತುತ್ತೇನೆ ಎಂದ. ಸಹಿ ಮಾಡಲು ಬರುವವನು ಹೆಬ್ಬೆಟ್ಟಿನ ಮಾತಾಡಿದ್ದೇ ಈಶ್ವರನಿಗೆ ಅನುಮಾನ ತಂದಿತು.

"ಹುಣಸೆಹಣ್ಣು ಎಷ್ಟೊತ್ತು ನೆನೆಹಾಕ್ತಿದ್ರಿ?"

"ಒಂದ್... ಎರಡು ದಿನ," ಎಂದ ಪರಮಶಿವಪ್ಪ.

"ಇಟ್ಟಿಗೆ ಪುಡಿ ಎಷ್ಟು?"

"ಒಂದು ಬುಟ್ಟಿ."

ಪಕ್ಕದ ಮೇಜಿನಲ್ಲಿದ್ದ ಗುಮಾಸ್ತೆ ರಮಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಈಶ್ವರ್ ಪೆನ್ನು ಕೆಳಗಿಟ್ಟ.

"ನೋಡ್ರಿ ಯಜಮಾನ್ರೇ, ನೀವು ಜನ್ಮದಲ್ಲಿ ಒಂದು ಲೋಟನೂ ತೊಳೆದೋರಲ್ಲ. ತೊಳೆದೋರನ್ನ ಕರ್ಕೊಂಡು ಬನ್ನಿ."

ಕರೆದುಕೊಂಡು ಬರುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಪರಮಶಿವಪ್ಪ ಮನೆಗೆ ಹೋಗಿ ಆ ದಿನ ಏನೂ ಹೇಳಲಿಲ್ಲ. ಮಾರನೆಯ ದಿನ ಹೇಳಬೇಕೆಂದು ಅಡುಗೆಮನೆಯ ತನಕ ಹೋಗಿ ನೀರು ಕುಡಿದು ಬಂದ. ಅದರ ಮಾರನೆಯ ದಿನ ಮೂರು ಸಲ ನೀರು ಕುಡಿದ. ಲಾರಿ ಸ್ಟ್ಯಾಂಡಿನಲ್ಲಿ ಗುತ್ಯಪ್ಪ, ವಿಮಾನದಲ್ಲಿ ಹೋಗುತ್ತೀಯೋ ಲಾರಿಯಲ್ಲೇ ಹೋಗುತ್ತೀಯೋ ಎಂದು ಕೆಣಕಿದ. ಮಂಡಿಯಿಂದ ರೇಣುಕಾಪ್ರಸಾದ್ ಎರಡು ಸಲ ಹೇಳಿ ಕಳಿಸಿದ. ಜೊತೆಗೆ ಬರಬೇಕಾಗಿದ್ದ ಎರಡನೇ ಡ್ರೈವರ್, ಕುಪ್ಪಗಡ್ಡೆಯ ವಸಂತ, ಸ್ವೆಟರು ಕೊಂಡು ಆಗಿದೆ, ಹೊರಡುವುದು ಯಾವಾಗ ಎಂದು ಕೇಳಿಕೊಂಡು ಬಂದ. ಎಲ್ಲರಿಗೂ ನಾಳೆ ನಾಳೆ ಎನ್ನುತ್ತ ಪರಮಶಿವಪ್ಪ ಹೈರಾಣಾದ. ನಾಲ್ಕನೆಯ ದಿನ ಊಟಕ್ಕೆ ಕೂತವನು ಒಂದು ರೊಟ್ಟಿಯನ್ನೂ ಮುಗಿಸಲಿಲ್ಲ. ತಟ್ಟೆ ಸರಿಸಿ, ಹೆಂಡತಿಯ ಮುಖ ನೋಡದೆ, ನಡೆದದ್ದೆಲ್ಲ ಹೇಳಿಬಿಟ್ಟ. ಅವಳ ಹೆಸರು ಎಲ್ಲೂ ಬರಬಾರದೆಂದು ತಾನೇ ಮಾಡಿದೆನೆಂದು ಬರೆಸಿದ್ದನ್ನೂ ಹೇಳಿದ.

ಈಗ ಅಳುತ್ತಾಳೆ ಎಂದು ಪರಮಶಿವಪ್ಪ ಕಾದ. ನೀಲಾಂಬಿಕೆ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಎಂಟು ವರ್ಷ ಸೊಂಟ ಬಗ್ಗಿಸಿದೋಳು ನಾನು. ಸರ್ಕಾರದ ಕಾಗದದಾಗೆ ಪೂಜೆ ಮಾಡಿದೋರು ನೀವಾ?" ಎಂದಳು.

ಪರಮಶಿವಪ್ಪ ಸರಿಸಿದ್ದ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡ.

"ಒಂದಿನ ಒಂದು ತಂಬಿಗೆ ನೀರು ತಂದು ಕೊಟ್ಟೋರಲ್ಲ. ಜಗುಲಿ ಮ್ಯಾಲೆ ಪೇಪರ್ ಓದ್ಕೊಂಡು ಕೂತಿದ್ದೋರು. ಈಗ ಪುಣ್ಯ ಎಲ್ಲ ನಿಮ್ಮ ಹೆಸರಿಗೆ ಬರೆಸ್ಕೊಂಡು ಬಂದೀರಿ."

ಅದು ಪುಣ್ಯವಲ್ಲ, ತಪ್ಪು, ತಪ್ಪನ್ನು ತಾನು ಮೈಮೇಲೆ ಹಾಕಿಕೊಂಡದ್ದು ಎಂದು ಅವನು ಬಿಡಿಸಿ ಹೇಳಲು ನೋಡಿದ. ಅವಳು ಕೇಳಲಿಲ್ಲ. ಬೆಳಗಿನ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಮಾತ್ರ ಕೇಳಿದಳು. ಲಾರಿ ಕಚೇರಿಯ ಅಂಗಳದಲ್ಲೇ ಉಳಿದಿತ್ತು.

ಮರುದಿನ ಹತ್ತೂವರೆಗೆ ನೀಲಾಂಬಿಕೆ ಕಚೇರಿಯ ಮೆಟ್ಟಿಲು ಹತ್ತಿದಾಗ ಅವಳ ಕೈಚೀಲದಲ್ಲಿ ಒಂದು ಡಬ್ಬಿ ಹುಣಸೆಹಣ್ಣು, ಒಂದು ಪೊಟ್ಟಣ ಇಟ್ಟಿಗೆ ಪುಡಿ ಇದ್ದವು. ಈಶ್ವರನ ಮೇಜಿನ ಮುಂದೆ ನಿಂತು, ಹಳೆಯ ಹೇಳಿಕೆ ಹರಿದು ಹಾಕಬೇಕು, ಅದರಲ್ಲಿರುವುದು ಸುಳ್ಳು ಎಂದಳು. ಗಂಡನೆದುರೇ ಹೇಳಿದಳು. ಪರಮಶಿವಪ್ಪ ಕಿಟಕಿಯಾಚೆ ನೋಡುತ್ತ ನಿಂತ. ಹಾಗಾದರೆ ಹೇಗೆ ಉಜ್ಜುತ್ತಿದ್ದಿರಿ ತೋರಿಸಿ ಎಂದು ಈಶ್ವರ್ ಹೇಳಿದ್ದೇ ತಡ, ಅವಳು ಸುತ್ತ ಒಮ್ಮೆ ಕಣ್ಣಾಡಿಸಿದಳು. ಜಗುಲಿಯಲ್ಲಿ ಊಟದ ಹೊತ್ತಿಗೆ ಬಾರಿಸುವ ಹಿತ್ತಾಳೆ ಗಂಟೆ ತೂಗುತ್ತಿತ್ತು. ಕರ್ರಗಾಗಿ, ಕಬ್ಬಿಣವೋ ಹಿತ್ತಾಳೆಯೋ ಎಂದು ಹೇಳಲಾಗದ ಸ್ಥಿತಿ ಅದಕ್ಕೆ. ಜವಾನನಿಂದ ಕೆಳಗಿಳಿಸಿಕೊಂಡು, ಮೆಟ್ಟಿಲ ಮೇಲೆ ಕೂತು, ಸೆರಗು ಸಿಕ್ಕಿಸಿ ಶುರು ಮಾಡಿದಳು. ಹತ್ತು ನಿಮಿಷದಲ್ಲಿ ಗಂಟೆ ಬಿಸಿಲಿಗೆ ಕಣ್ಣು ಕೋರೈಸಿತು. ಅದರ ಕಂಠದ ಸುತ್ತ ಬರೆದಿದ್ದ ಯಾವುದೋ ಕಾಲದ ಅಕ್ಷರಗಳ ಪೈಕಿ ಎರಡು ಮಾತ್ರ ಉಳಿದವು. ಲೈಸೆನ್ಸಿಗೆ ಬಂದವರು ಲೈಸೆನ್ಸು ಬಿಟ್ಟು ಸುತ್ತ ನೆರೆದಿದ್ದರು. ರಮಾಬಾಯಿ ಒಳಗಿನಿಂದ ತನ್ನ ಟಿಫನ್ ಡಬ್ಬಿಯನ್ನೂ ತಂದು ಪಕ್ಕದಲ್ಲಿಟ್ಟಳು.

ಈಶ್ವರ್ ನಕ್ಕ. ಆದರೆ ನೀಲಾಂಬಿಕೆ ನಗಲಿಲ್ಲ. ಎದ್ದು ಅಂಗಳದಲ್ಲಿ ನಿಂತಿದ್ದ ಲಾರಿಯ ಹತ್ತಿರ ಹೋದಳು, ಆ ಜಾಗವನ್ನು ಬೆರಳಿನಿಂದ ಸವರಿದಳು. ಅಂಕಿ ತೆಳ್ಳಗಾಗುತ್ತಿವೆ ಎಂದು ಅವಳಿಗೆ ಕಾಣುತ್ತಿತ್ತಂತೆ. ದೇವರು ಒಪ್ಪಿಕೊಂಡ ಗುರುತು ಎಂದು ತಿಳಿದುಕೊಂಡಿದ್ದಳಂತೆ.

"ಇದಕ್ಕೆ ಆಯಸ್ಸು ಕೊಡಪ್ಪಾ ಅಂತ ಬೇಡ್ಕೊಂಡೆ. ಹೆಸರೇ ಅಳಿಸಿಬಿಟ್ಟೆ," ಎಂದಳು. ಆಗ ಅವಳ ಕಣ್ಣಲ್ಲಿ ನೀರು ಬಂತು.

ಏನಾದರೂ ಹೇಳಬೇಕೆಂದು ಪರಮಶಿವಪ್ಪನಿಗೆ ಬಹಳ ಅನ್ನಿಸಿತು. ಅಷ್ಟು ಜನರೆದುರು ಹೆಂಡತಿಗೆ ಸಮಾಧಾನ ಹೇಳುವುದು ಅವನ ವಂಶದಲ್ಲೇ ಯಾರಿಗೂ ಬಂದಿರಲಿಲ್ಲ. ಬಿಸಿಲಿದೆ, ಒಳಗೆ ಬಾ ಎಂದಷ್ಟೇ ಹೇಳಿದ. ಅದು ಸಾಲದೆಂದು ಅವನಿಗೂ ಗೊತ್ತಾಯಿತು.

ಈಶ್ವರ್ ಒಳಗೆ ಬಂದು ಹಳೆಯ ಹೇಳಿಕೆ ಹರಿದು ಬುಟ್ಟಿಗೆ ಹಾಕಿ, ಕಾಲಂ ತಾನೇ ತುಂಬಿದ. ವಾಹನದ ಕ್ಷೇಮಾರ್ಥ ಶ್ರೀಮತಿ ನೀಲಾಂಬಿಕೆ ಅವರು ಎಂಟು ವರ್ಷ ತಪ್ಪದೆ ನಡೆಸಿದ ಅಮಾವಾಸ್ಯೆ ಪೂಜೆಯಲ್ಲಿ ಹುಣಸೆಹಣ್ಣು ಮತ್ತು ಇಟ್ಟಿಗೆ ಪುಡಿಯಿಂದ ಉಜ್ಜಿದ ಕಾರಣ ಅಂಕಿಗಳು ಸವೆದಿವೆ, ಖುದ್ದು ಪರೀಕ್ಷಿಸಿದ್ದೇನೆ ಎಂದು ಬರೆದು ಓದಿ ಹೇಳಿದ. ನೀಲಾಂಬಿಕೆ ‘ತಪ್ಪದೆ’ ಎಂಬ ಮಾತನ್ನು ಇನ್ನೊಮ್ಮೆ ಓದಿಸಿ, ಸಹಿ ಮಾಡಿದಳು. ಮೇಲಿನವರ ಒಪ್ಪಿಗೆಗೆ ಎರಡು ದಿನ ಹಿಡಿಯಿತು. ಮೂರನೆಯ ದಿನ ಕಚೇರಿ ಹೇಳಿದ ವರ್ಕ್‌ಶಾಪಿನಲ್ಲಿ, ಈಶ್ವರನ ಎದುರಿಗೇ, ಐದು ಅಂಕಿಗಳನ್ನು ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು ಮತ್ತೆ ಕೂರಿಸಿದರು. ಒಂದೊಂದು ಏಟಿಗೂ ನೀಲಾಂಬಿಕೆ ಶಿವ ಶಿವ ಎನ್ನುತ್ತ ಕಣ್ಣು ಮುಚ್ಚಿದಳು.

ಉಳಿದದ್ದು ಕೊನೆಯ ಹಾಳೆ. ಗಡಿ ದಾಟುವವರ ಹೆಸರು: ಡ್ರೈವರ್, ಎರಡನೇ ಡ್ರೈವರ್, ಕ್ಲೀನರ್. ಸರಕಿನ ಲಾರಿಯಲ್ಲಿ ಇವರ ಹೊರತು ಇನ್ನಾರೂ ಹೋಗುವಂತಿಲ್ಲ ಎಂದು ಈಶ್ವರ್ ತಿಳಿಸಿದ. ಪರಮಶಿವಪ್ಪ, ವಸಂತ ಎಂದು ಬರೆದಾಯಿತು. ಕ್ಲೀನರ್ ಯಾರು ಎಂದಾಗ ಪರಮಶಿವಪ್ಪ ತಲೆ ಕೆರೆದುಕೊಂಡ. ಅವನಿಗೆ ಕಾಯಂ ಕ್ಲೀನರ್ ಇರಲಿಲ್ಲ, ಊರಿಂದ ಊರಿಗೆ ಸಿಕ್ಕವರನ್ನು ಹತ್ತಿಸಿಕೊಳ್ಳುತ್ತಿದ್ದ. ಆ ಜಾಗ ಖಾಲಿ ಬಿಡಿ ಎಂದ.

ಬಾಗಿಲ ಬಳಿ ನಿಂತಿದ್ದ ನೀಲಾಂಬಿಕೆ ಒಳಗೆ ಬಂದಳು.

"ಖಾಲಿ ಯಾಕೆ? ನನ್ನ ಹೆಸರು ಬರೀರಿ. ನಾನೂ ಪಶುಪತಿನ ನೋಡಬೇಕು."

ಪರಮಶಿವಪ್ಪ ಬೇಡವೆನ್ನಲು ಕಾರಣ ಹುಡುಕಿದ. ಚಳಿ ಎಂದ, ದಾರಿ ದೂರ ಎಂದ, ಕ್ಯಾಬಿನ್ನಿನಲ್ಲಿ ಮಲಗುವುದು ಕಷ್ಟ ಎಂದ. ಇದ್ದೊಬ್ಬ ಮಗಳು ಗಂಗಾಶ್ರೀ ಸೊರಬದಲ್ಲಿ ಗಂಡನ ಮನೆಯಲ್ಲಿ ಸುಖವಾಗಿದ್ದಳು, ಮನೆಯಲ್ಲಿ ಇವಳನ್ನು ಹಿಡಿದಿಡುವ ಒಂದು ಎಮ್ಮೆಯೂ ಇರಲಿಲ್ಲ. ಕೊನೆಗೆ ಅವನು ಕಾನೂನಿನ ಕಾಲಿಗೆ ಬಿದ್ದು, ಹೆಂಗಸರು ಕ್ಲೀನರ್ ಆಗುವಂತಿಲ್ಲ ಅಲ್ಲವೇ ಎಂದು ಈಶ್ವರನನ್ನು ಕೇಳಿದ. ಈಶ್ವರ್ ಪುಸ್ತಕ ತೆಗೆದು ಮೊದಲಿಂದ ಕೊನೆಯವರೆಗೆ ಹುಡುಕಿದ. ಆಗುವಂತಿಲ್ಲ ಎಂದು ಎಲ್ಲೂ ಬರೆದಿರಲಿಲ್ಲ. ರಮಾಬಾಯಿ ಅಷ್ಟರಲ್ಲಿ ಟೈಪು ಮಾಡಿಯೂ ಆಗಿತ್ತು: ಕ್ಲೀನರ್, ನೀಲಾಂಬಿಕೆ, ವಯಸ್ಸು ನಲವತ್ತಮೂರು.

ಫೆಬ್ರವರಿ ಹತ್ತರ ಬೆಳಿಗ್ಗೆ ಲಾರಿ ಮಂಡಿಯ ಮುಂದೆ ನಿಂತಿತು. ಅಡಿಕೆ ಮೂಟೆ ತುಂಬಿ, ತಾಡಪಾಲು ಬಿಗಿದು, ಮಧ್ಯಾಹ್ನಕ್ಕೆ ಹೊರಟರು. ನೀಲಾಂಬಿಕೆ ಇಳಕಲ್ ಸೀರೆಯ ಮೇಲೆ ಗಂಡನ ಹಳೆಯ ಸ್ವೆಟರು ಹಾಕಿಕೊಂಡು ಕ್ಯಾಬಿನ್ ಹತ್ತಿದ್ದನ್ನು ನೋಡಲು ಅರ್ಧ ಪೇಟೆ ಸೇರಿತ್ತು. ಗುತ್ಯಪ್ಪ ಗಡಿಯಾರದ ಮಾತೇ ಎತ್ತಲಿಲ್ಲ, ಬಾಯಿ ತೆರೆದು ನಿಂತಿದ್ದ.

ಎಂಟು ದಿನದ ದಾರಿಯಲ್ಲಿ ಪರಮಶಿವಪ್ಪ ಒಂದು ವಿಷಯ ಕಂಡುಕೊಂಡ. ಅವನು ಅಲೆದಲೆದು ಕಂಡ ದೇಶವನ್ನು ಅವಳು ಅವನಿಗಿಂತ ಚೆನ್ನಾಗಿ ನೋಡುತ್ತಿದ್ದಳು. ನಾಗಪುರದಾಚೆ ಹೊಲದಲ್ಲಿ ಏನು ಬೆಳೆ, ಯಾವ ಊರಿನ ಬಾವಿಕಟ್ಟೆ ಎತ್ತರ, ಎಲ್ಲಿಯ ಹೆಂಗಸರು ಕೊಡವನ್ನು ಯಾವ ಸೊಂಟದಲ್ಲಿ ಇಡುತ್ತಾರೆ, ಎಲ್ಲ ಅವಳೇ ತೋರಿಸಿದಳು. ರೊಟ್ಟಿ ಬುತ್ತಿ ಮೂರು ದಿನಕ್ಕೆ ಮುಗಿಯಿತು. ಆಮೇಲೆ ಢಾಬಾದ ಒಲೆಯ ಬಳಿ ಕೂತು ತಾನೇ ರೊಟ್ಟಿ ತಟ್ಟಿದಳು. ಬೆಳಿಗ್ಗೆ ಗಾಜು ಒರೆಸುವುದು, ಚಕ್ರಕ್ಕೆ ಕಲ್ಲು ಇಡುವುದು, ಹಿಂದಕ್ಕೆ ಬರುವಾಗ ಕೆಳಗಿಳಿದು ದಾರಿ ಹೇಳುವುದು, ಇಷ್ಟನ್ನು ವಸಂತನಿಂದ ಎರಡೇ ದಿನದಲ್ಲಿ ಕಲಿತಳು. ಹಿಂದಕ್ಕೆ ಬರ್ರಿ, ಇನ್ನೂ ಬರ್ರಿ, ಸಾಕು ಎಂದು ಅವಳು ಕೂಗಿದರೆ ಪರಮಶಿವಪ್ಪ ಮರುಮಾತಿಲ್ಲದೆ ನಿಲ್ಲಿಸುತ್ತಿದ್ದ. ಆದರೆ ಕಚೇರಿಯ ಅಂಗಳದಲ್ಲಿ ಹೇಳದೆ ಉಳಿದ ಮಾತು ದಾರಿಯುದ್ದಕ್ಕೂ ಅವನ ಜೊತೆಗೇ ಬರುತ್ತಿತ್ತು. ವಸಂತ ನಿದ್ದೆ ಮಾಡಲಿ ಎಂದುಕೊಂಡ, ವಸಂತ ನಿದ್ದೆ ಮಾಡಿದ. ಘಾಟಿ ಮುಗಿಯಲಿ ಎಂದುಕೊಂಡ, ಘಾಟಿ ಮುಗಿಯಿತು. ಮಾತು ಬರಲಿಲ್ಲ.

ಹದಿನೆಂಟರ ಬೆಳಿಗ್ಗೆ ಹತ್ತು ಗಂಟೆಗೆ ರಕ್ಸೌಲ್ ದಾಟಿ ಗಡಿಯಾಚೆಯ ತಪಾಸಣೆಯ ಕಟ್ಟೆಯಲ್ಲಿ ಸರದಿ ಬಂತು. ಟೋಪಿ ಹಾಕಿದ ಒಬ್ಬ ಅಧಿಕಾರಿ ಹೊಸ ಅಂಕಿಗಳನ್ನು ನೋಡಿ, 'ಮತ್ತೆ ಕೊರೆಸಲಾಗಿದೆ' ಎಂಬ ಈಶ್ವರನ ಇಂಗ್ಲಿಷ್ ಪತ್ರ ಓದಿ ತಲೆಯಾಡಿಸಿದ. ಡ್ರೈವರುಗಳ ಹೆಸರು ಕರೆದ. ಕ್ಲೀನರ್ ಯಾರು ಎಂದು ಹಿಂದಿಯಲ್ಲಿ ಕೇಳಿದ. ನೀಲಾಂಬಿಕೆ ಕ್ಯಾಬಿನ್ನಿನಿಂದ ಇಳಿದು, ಸೆರಗು ಸರಿಮಾಡಿಕೊಂಡು ಮುಂದೆ ಬಂದು ನಿಂತಳು.

ಅಧಿಕಾರಿ ಕಾಗದ ನೋಡಿದ, ಅವಳನ್ನು ನೋಡಿದ. ಅವನ ಹುಬ್ಬು ಗಂಟಿಕ್ಕಿತು. ಲಾರಿಯವರು ಹೆಂಡತಿ ಮಕ್ಕಳನ್ನು ಕ್ಲೀನರ್ ಎಂದು ಹತ್ತಿಸಿಕೊಂಡು ಯಾತ್ರೆಗೆ ಬರುತ್ತಾರೆ, ಇದು ತನಗೆ ಗೊತ್ತಿಲ್ಲದ್ದೇನಲ್ಲ ಎಂದ. ಲಾರಿ ಹೋಗಬಹುದು, ಈಕೆ ಇಳಿದು ರಕ್ಸೌಲಿಗೆ ವಾಪಸು ಹೋಗಲಿ, ನೀವು ತಿರುಗಿ ಬರುವ ತನಕ ಅಲ್ಲಿರಲಿ ಎಂದ. ನೀಲಾಂಬಿಕೆಗೆ ಭಾಷೆ ತಿಳಿಯದಿದ್ದರೂ ಅವನ ಬೆರಳು ತೋರಿಸಿದ ದಿಕ್ಕು ತಿಳಿಯಿತು. ಅವಳು ಗಂಡನ ಕಡೆ ತಿರುಗಿದಳು.

ಈಕೆಗೆ ಲಾರಿಯಲ್ಲಿ ಏನು ಕೆಲಸ, ಹೇಳು ನೋಡೋಣ ಎಂದು ಅಧಿಕಾರಿ ಪರಮಶಿವಪ್ಪನನ್ನು ಕೇಳಿದ.

ಪರಮಶಿವಪ್ಪನಿಗೆ ಹಿಂದಿ ಬರುತ್ತಿತ್ತು. ಡೀಸೆಲ್ ಹಾಕಿಸುವಷ್ಟು, ಚೌಕಾಸಿ ಮಾಡುವಷ್ಟು, ಜಗಳಕ್ಕಂತೂ ಧಾರಾಳವಾಗಿ ಬರುತ್ತಿತ್ತು. ಈಗ ಹೇಳಬೇಕಾದದ್ದಕ್ಕೆ ಅದರಲ್ಲಿ ಒಂದು ಪದವೂ ಸಿಗಲಿಲ್ಲ. ಹಿಂದಿನ ಲಾರಿಗಳು ಹಾರನ್ ಹೊಡೆಯುತ್ತಿದ್ದವು. ಅವನು ಟವೆಲಿನಿಂದ ಮುಖ ಒರೆಸಿಕೊಂಡು, ಅಧಿಕಾರಿಯ ಮುಖವನ್ನೇ ನೋಡುತ್ತ, ಅಚ್ಚ ಶಿಕಾರಿಪುರದ ಕನ್ನಡದಲ್ಲಿ ಹೇಳಿದ:

"ಸ್ವಾಮಿ, ಈ ಲಾರಿ ಓಡ್ಸಿದೋನು ನಾನು, ಅಷ್ಟೇ. ಎಂಟು ವರ್ಷ ನನ್ನನ್ನೂ ಇದನ್ನೂ ತಿರುಗಿ ಮನೆ ಮುಟ್ಟಿಸಿದೋಳು ಇವ್ಳು. ಒಂದಿನ ನಾನು ಅದನ್ನ ಬಾಯ್ಬಿಟ್ಟು ಹೇಳಿದೋನಲ್ಲ. ಇವ್ಳು ಇಲ್ದೆ ನಾನು ಆ ದೇವ್ರ ಮುಂದೆ ಹೋಗಿ ನಿಂತು ಏನು ಹೇಳ್ಲಿ?"

ಅಧಿಕಾರಿಗೆ ಒಂದಕ್ಷರವೂ ತಿಳಿಯಲಿಲ್ಲ. ಅವನು ವಸಂತನ ಕಡೆ ನೋಡಿದ. ವಸಂತನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು, ಆದರೂ ಅಷ್ಟನ್ನೂ ಹಿಂದಿಗೆ ತಿರುಗಿಸಲು ಹೋಗಲಿಲ್ಲ. ಈಕೆ ಇಲ್ಲದಿದ್ದರೆ ಈ ಲಾರಿ ನಡೆಯುವುದಿಲ್ಲ ಸಾಹೇಬ್ ಎಂದಷ್ಟೇ ಹೇಳಿದ. ಅಧಿಕಾರಿ ಪರಮಶಿವಪ್ಪನ ಒದ್ದೆ ಕಣ್ಣುಗಳನ್ನೂ, ನೀಲಾಂಬಿಕೆಯ ಒರಟಾದ ಅಂಗೈಗಳನ್ನೂ ಒಂದು ಗಳಿಗೆ ನೋಡಿ, ಕಾಗದದ ಮೇಲೆ ಮೂರು ಸೀಲು ಒತ್ತಿದ.

ಲಾರಿ ಗಡಿ ದಾಟಿತು. ವಸಂತ ಎಡಗಡೆಯ ಕಿಟಕಿಯಾಚೆ ಬಹಳ ಆಸಕ್ತಿಯಿಂದ ಏನನ್ನೋ ನೋಡುತ್ತಿದ್ದ. ನೀಲಾಂಬಿಕೆ ಸೆರಗಿನಿಂದ ಮುಖ ಒರೆಸಿಕೊಂಡು, ಎದುರಿನ ರಸ್ತೆ ನೋಡುತ್ತಲೇ ಕೇಳಿದಳು.

"ಇಷ್ಟು ಹೇಳೋಕೆ ನೇಪಾಳಕ್ಕೇ ಬರಬೇಕಾಯ್ತೇನ್ರಿ?"

ಹೌದು ಎಂದ ಪರಮಶಿವಪ್ಪ.